ಓದುವವರೊಬ್ಬರು, ಬಿಡಿಸುವವರೊಬ್ಬರು

ನಮ್ಮ ಕುರುಗೋಡು ಕಡೆ ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಾರೆ. ದಿನಕ್ಕಿಷ್ಟೇ ಎಂದು ಓದಿ, ತಿಂಗಳ ಕೊನೆಗೆ ಮಂಗಲ. ಸಿರುಗುಪ್ಪದಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು 'ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕು' ಎಂದು ಯಾರಾದರೂ ಕೇಳಿದರೆ, ಬಿ.ಇಡಿ.ಯಲ್ಲಿ ಕಲಿತದ್ದಕ್ಕಿಂತ ಮೊದಲು ನೆನಪಾಗುವುದು ಈ ಪುರಾಣವೇ.

ಇದೇ ಜೋಡಿ ಗಮಕದಲ್ಲೂ ಉಂಟು: ವಾಚನ, ವ್ಯಾಖ್ಯಾನ. ಬಳ್ಳಾರಿ ಸೀಮೆಯಲ್ಲಿ ಗಮಕ ಎಂದರೆ 1910ರಲ್ಲಿ ಹುಟ್ಟಿದ ಜೋಳದರಾಶಿ ದೊಡ್ಡನಗೌಡರ ಹೆಸರು ಬಂದೇ ಬರುತ್ತದೆ. ಬಳ್ಳಾರಿ ರಾಘವರ ಒಡನಾಟದಲ್ಲಿ ನಟರಾಗಿ ಬೆಳೆದವರು ಅವರು. ಪಾತ್ರದ ಬಾಯಿಗೆ ಮಾತು ಕೂಡಿಸುವ ಆ ಅಭ್ಯಾಸ ಗಮಕಿಗೆ ದೊಡ್ಡ ಆಸ್ತಿ ಎಂದು ನನ್ನ ಎಣಿಕೆ.

ಏಕೆಂದರೆ ಕುಮಾರವ್ಯಾಸನ ಭಾಮಿನಿ ಷಟ್ಪದಿ ಕಣ್ಣನ್ನು ದಾರಿ ತಪ್ಪಿಸುತ್ತದೆ. ಆರು ಸಾಲು, ಮೂರನೆಯದು ಮತ್ತು ಆರನೆಯದು 23 ಮಾತ್ರೆ, ಉಳಿದವು 14. ಸಾಲು ಮುಗಿದರೂ ಮಾತು ಮುಗಿದಿರುವುದಿಲ್ಲ. ಎಷ್ಟೋ ಕಡೆ ಒಂದೇ ಶಬ್ದ ತುಂಡಾಗಿ ಅರ್ಧ ಕೆಳಗಿನ ಸಾಲಿಗೆ ಇಳಿದಿರುತ್ತದೆ. ಮಕ್ಕಳು ಸಾಲಿನ ತುದಿಯಲ್ಲೆಲ್ಲ ಉಸಿರು ಬಿಡುತ್ತಾರೆ, ಅರ್ಥ ಅಲ್ಲೇ ಚೆಲ್ಲಾಪಿಲ್ಲಿ. ಗಮಕಿ ನಿಲ್ಲುವುದು ಅರ್ಥ ಮುಗಿದಲ್ಲಿ. ಅದಕ್ಕೇ ತರಗತಿಯಲ್ಲಿ ಪೆನ್ಸಿಲ್ ಕೊಟ್ಟು, ನಿಲ್ಲಬೇಕಾದಲ್ಲಿ ಗೀಟು ಹಾಕಿ ಎನ್ನುತ್ತೇನೆ. 'ಇದು ಭೀಮನ ಮಾತು', 'ಅಲ್ಲ, ದ್ರೌಪದೀದು' ಎಂದು ಜಗಳ ಶುರುವಾದರೆ ಪಾಠ ಅರ್ಧ ಆದಂತೆ.

ಗದ್ಯಕ್ಕೂ ಇದು ಸಲ್ಲುತ್ತದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೊದಲ ಪುಟಗಳಲ್ಲೇ ಸುಸ್ತಾಗುವವರು ಬಾಯಿಬಿಟ್ಟು ಓದಿ ನೋಡಲಿ. ನಮ್ಮ ಕಡೆಯ ಮಾತಿನ ಧಾಟಿ ಕಿವಿಗೆ ಬಿದ್ದರೆ ಓದು ತಾನೇ ಓಡುತ್ತದೆ.

ವ್ಯಾಖ್ಯಾನದ ಪಾಲು ನಮ್ಮ ಮನೆಯಲ್ಲಿ ಅತ್ತೆಯದು. ಅವರಿಗೆ ಓದು ಬರಹ ಬಾರದು. ದ್ಯೂತದ ಪ್ರಸಂಗ ಓದುವಾಗ ಕೇಳಿದರು: "ಅಷ್ಟು ಮಂದಿ ದೊಡ್ಡೋರು ಕುಂತಿದ್ರಲ್ಲವ್ವಾ, ಒಬ್ರಾದ್ರೂ ಎದ್ದು ಕೇಳ್ಲಿಲ್ಲೇನು?" ಕೌರವರಲ್ಲೇ ಒಬ್ಬ ಕೇಳಿದ, ವಿಕರ್ಣ, ಎಂದೆ. "ಮುಂದ ಅವನೇನಾದ?"

ಉತ್ತರಕ್ಕೆ ವ್ಯಾಸಭಾರತದ ದ್ರೋಣಪರ್ವದವರೆಗೂ ಹೋಗಬೇಕಾಯಿತು. ಭೀಮನೇ ಅವನನ್ನು ಕೊಲ್ಲುತ್ತಾನೆ, ಕೊಂದು ಮರುಗುತ್ತಾನೆ. ಓದಿ ಹೇಳಿದೆ.

"ಹಂಗಾರ ಅವನ ಹೆಂಡ್ತಿ?" ಎಂದರು ಅತ್ತೆ. ಹುಡುಕುತ್ತಿದ್ದೇನೆ.