ಟಿಪ್ಪು ತೊಡದೆ ಬಿಟ್ಟ ಕವಚ

1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲಿ, ಹೆಣಗಳ ರಾಶಿಯೊಳಗೆ ಟಿಪ್ಪುವಿನ ದೇಹ ಸಿಕ್ಕಿತು. ಮೈಮೇಲೆ ಇದ್ದದ್ದು ತೆಳು ಬಿಳಿ ಅಂಗಿ, ಹೂವಿನ ಚೀಟಿಬಟ್ಟೆಯ ಇಜಾರ. ಮೈಯಲ್ಲಿ ಮೂರು ಗಾಯಗಳಿದ್ದವು. ನಾಲ್ಕನೆಯದು ಬಲಗಿವಿಯ ತುಸು ಮೇಲೆ ಹೊಕ್ಕು ಕೆನ್ನೆಯಲ್ಲಿ ಸಿಕ್ಕಿಕೊಂಡ ಗುಂಡು ಎಂದು ಬ್ರಿಟಿಷ್ ಸೇನೆಯ ಮೇಜರ್ ಅಲೆನ್ ಬರೆದಿಟ್ಟಿದ್ದಾನೆ. ಬಟ್ಟೆಯನ್ನು ಪದರ ಪದರವಾಗಿ ಒತ್ತಿ ಹೊಲಿದ, ಟಿಪ್ಪುವಿನದೆಂದೇ ದಾಖಲಾದ ಶಿರಸ್ತ್ರಾಣ ಮತ್ತು ಎದೆಗವಚ ಇವತ್ತಿಗೂ ಉಳಿದಿವೆ, ಆದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ಕತ್ತಿಯ ಏಟು, ದೂರದಿಂದ ಬಂದು ಕಸುವು ಕಳೆದುಕೊಂಡ ಬಾಣ, ಇಷ್ಟಕ್ಕೆ ಅಂಥ ಕವಚ ಸಾಕಿತ್ತು. ಹತ್ತಿರದಿಂದ ಹಾರಿಸಿದ ಬಂದೂಕಿಗೆ ಸಾಲುತ್ತಿರಲಿಲ್ಲ. ಕವಚದ ಕಥೆಯೆಂದರೆ ಬಟ್ಟೆಯಿಂದ ಉಕ್ಕಿಗೆ, ಉಕ್ಕಿನಿಂದ ಸೆರಾಮಿಕ್ಕಿಗೆ ಹತ್ತಿದ ಏಣಿ ಎಂದು ನಂಬಿದವರು ಈ ಸಾವನ್ನು ಸರಿಯಾಗಿ ಓದಿಲ್ಲ. ಯಾವ ಆಯುಧಕ್ಕೆ, ಮೈಯ ಯಾವ ಭಾಗಕ್ಕೆ, ಎಷ್ಟು ಭಾರ ಹೊತ್ತು ಎಂಬ ಮೂರು ಪ್ರಶ್ನೆಗಳೇ ಅಂದಿನಿಂದ ಕವಚದ ವಸ್ತುವನ್ನು ನಿರ್ಧರಿಸಿವೆ.

ಉಕ್ಕಿನ ವಿದ್ಯೆ ನಮ್ಮಲ್ಲಿರಲಿಲ್ಲ ಎನ್ನುವಂತಿಲ್ಲ. ಟಿಪ್ಪು ಸತ್ತ ಮರುವರ್ಷವೇ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಸಮೀಕ್ಷಕ ಬುಕಾನನ್ ಇಲ್ಲಿಯ ಕುಲುಮೆಗಳಲ್ಲಿ ಮೂಸೆ ಉಕ್ಕು ತಯಾರಾಗುವುದನ್ನು ವಿವರವಾಗಿ ಬರೆದ. ಮುಂದೆ ಮೈಕೆಲ್ ಫ್ಯಾರಡೆ ಅದೇ ಉಕ್ಕಿನ ಗುಟ್ಟು ಬಿಡಿಸಲು ಲಂಡನ್ನಿನಲ್ಲಿ ತಿಣುಕಿದ. ಕವಚ ಅಲ್ಲಿ ಭದ್ರವಾಗಿದೆ, ಕುಲುಮೆಗಳು ಇಲ್ಲಿ ಆರಿಹೋದವು. ಇದಕ್ಕೆ ಸಿಟ್ಟು ಬಂದರೆ ತಪ್ಪಲ್ಲ. ಆದರೆ ಒಳ್ಳೆಯ ಉಕ್ಕಿದ್ದ ಮಾತ್ರಕ್ಕೆ ಒಳ್ಳೆಯ ಕವಚ ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ: 25 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ, 6 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ಸುಮಾರು ಮೂರೂವರೆ ಕೆ.ಜಿ. ತೂಗುತ್ತದೆ. ಎದೆಗೊಂದು ಬೆನ್ನಿಗೊಂದು ಎಂದರೆ ಏಳು ಕೆ.ಜಿ. ಅಗ್ಗ, ಬಿದ್ದರೆ ಒಡೆಯದು, ಏಟಿನ ಮೇಲೆ ಏಟು ತಡೆಯುತ್ತದೆ ಎಂದು ಉಕ್ಕಿನ ಪರ ವಾದಿಸುವವರು ಈಗಲೂ ಇದ್ದಾರೆ, ಮೂರೂ ಮಾತು ನಿಜ. ಆದರೆ ಉಕ್ಕಿಗೆ ಬಡಿದ ಗುಂಡು ಚೂರುಚೂರಾಗಿ ತೊಟ್ಟವನ ಗಂಟಲು, ಗಲ್ಲ, ತೋಳುಗಳತ್ತ ಸಿಡಿಯುತ್ತದೆ. ಅದನ್ನು ಹಿಡಿಯಲು ಮೇಲೊಂದು ಲೇಪ ಬೇಕು, ಲೇಪ ಹಾಕಿದರೆ ಭಾರ ಇನ್ನೂ ಏರುತ್ತದೆ.

ಸೆರಾಮಿಕ್ ಕೆಲಸ ಮಾಡುವ ರೀತಿಯೇ ಬೇರೆ: ಗುಂಡಿನ ಮೂತಿಯನ್ನು ಪುಡಿಮಾಡಿ ತಾನೂ ಒಡೆಯುತ್ತದೆ. ಉಳಿದ ಚೂರುಗಳನ್ನು ಹಿಂದಿರುವ ನಾರಿನ ಪದರ ಹಿಡಿದುಕೊಳ್ಳುತ್ತದೆ. ಒಂದು ಘನ ಸೆಂ.ಮೀ. ಉಕ್ಕು 7.8 ಗ್ರಾಂ ತೂಗಿದರೆ ಅಲ್ಯೂಮಿನಾ 3.9, ಸಿಲಿಕಾನ್ ಕಾರ್ಬೈಡ್ 3.2, ಬೋರಾನ್ ಕಾರ್ಬೈಡ್ ಬರೀ 2.5. ನಮ್ಮ ಸೇನೆಗಾಗಿ 2018ರಲ್ಲಿ 1,86,138 ಜಾಕೆಟ್‌ಗಳ ಒಪ್ಪಂದವಾದಾಗ ಈ ಕೊನೆಯದನ್ನೇ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ.  ಹಾಗಾದರೆ ಬೋರಾನ್ ಕಾರ್ಬೈಡೇ ಎಲ್ಲಕ್ಕೂ ಮೇಲೇ? ಅದೂ ಅಲ್ಲ. ಅತಿವೇಗದ ಗುಂಡಿನ ಒತ್ತಡಕ್ಕೆ ಅದರ ಹರಳುರಚನೆಯೇ ಅಲ್ಲಲ್ಲಿ ಕುಸಿಯುತ್ತದೆ ಎಂಬುದು 2003ರಲ್ಲೇ ಪ್ರಕಟವಾಗಿದೆ. ಒಮ್ಮೆ ಒಡೆದ ಜಾಗಕ್ಕೆ ಎರಡನೇ ಗುಂಡು ಬಿದ್ದರೆ ಯಾವ ಸೆರಾಮಿಕ್ಕಿಗೂ ಕಷ್ಟ. ಜೀಪಿನಿಂದ ನೆಲಕ್ಕೆ ಬಿದ್ದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದನ್ನು ಹಿಡಿಯಲು ಎಕ್ಸ್‌ರೇ ಬೇಕು.

ನೀರಿಗಿಂತ ಹಗುರವಾದ ಪಾಲಿಥಿಲೀನ್ ನಾರಿನ ಪ್ಲೇಟನ್ನೇ ಎಲ್ಲರಿಗೂ ಕೊಡಬಾರದೇ ಎಂಬ ಆಕ್ಷೇಪ ಸಹಜ. ಸೀಸದ ತಿರುಳಿನ ಗುಂಡಿಗೆ ಅದು ಸೊಗಸಾಗಿ ಸಾಕು. ಗಟ್ಟಿ ಉಕ್ಕಿನ ತಿರುಳು ಮಾತ್ರ ಮೂತಿ ಮೊಂಡಾಗದೆ ನಾರುಗಳನ್ನು ಸೀಳಿ ನುಗ್ಗುತ್ತದೆ. ಅಂಥ ಗುಂಡುಗಳು ಕಾಶ್ಮೀರದಲ್ಲಿ 2017ರ ಕೊನೆಯ ದಿನ, ಲೇತ್‌ಪೋರಾ ಸಿಆರ್‌ಪಿಎಫ್ ಶಿಬಿರದ ಮೇಲಿನ ದಾಳಿಯಲ್ಲಿ ಬಳಕೆಯಾದವು. ಮೇಲಾಗಿ ಪಾಲಿಥಿಲೀನ್ ಬಿಸಿಗೆ ಮೆದುವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ವ್ಯಾನಿನಲ್ಲಿ ಅದನ್ನು ಬಿಡುವುದು ಒಳ್ಳೆಯದಲ್ಲ. ಎರಡನ್ನೂ ಕೂಡಿಸಿ, ಮುಂದೆ ಸೆರಾಮಿಕ್, ಹಿಂದೆ ನಾರು ಎಂದು ಕಟ್ಟುವುದೇ ಈಗಿನ ದಾರಿ. ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯ 2024ರಲ್ಲಿ ತೋರಿಸಿದ ಜಾಕೆಟ್ಟಿನ ಪ್ಲೇಟು ಒಳಗಿನ ಮೆತ್ತನೆಯ ಕವಚದ ನೆರವಿಲ್ಲದೆ ಒಂಟಿಯಾಗಿ ಗುಂಡು ತಡೆಯುವ ಬಗೆಯಲ್ಲಿ ಚದರ ಮೀಟರಿಗೆ 43 ಕೆ.ಜಿ.ಗಿಂತ ಕಡಿಮೆ. ಅಂದರೆ ನಮ್ಮ ಲೆಕ್ಕದ ಅಳತೆಗೆ ಮೂರೂಕಾಲು ಕೆ.ಜಿ.ಯೊಳಗೆ. ಆ ಉಕ್ಕಿನ ಪ್ಲೇಟಿಗಿಂತ ತುಸುವೇ ಹಗುರ ಎಂದು ಮೂಗು ಮುರಿಯುವವರು ನೆನಪಿಡಬೇಕಾದದ್ದು, ಇದು ತಡೆಯುವುದು ಕವಚ ಸೀಳಲೆಂದೇ ಮಾಡಿದ ಗುಂಡನ್ನು. ಭಾರತೀಯ ಮಾನಕ ಐಎಸ್ 17051 ಕೂಡ ಜಾಕೆಟ್‌ಗಳನ್ನು ವಸ್ತುವಿನ ಹೆಸರಿನಿಂದ ವಿಂಗಡಿಸಿಲ್ಲ, ತಡೆಯಬೇಕಾದ ಗುಂಡಿನ ಮೇಲೆ ಆರು ಹಂತ ಮಾಡಿದೆ. ಜಿಲ್ಲಾ ಪೊಲೀಸರ ಉಗ್ರಾಣಕ್ಕೆ ಹೊಸ ಜಾಕೆಟ್ ಬಂದಾಗ ಯಾವ ಕಂಪನಿಯದು ಎಂದು ಕೇಳುವ ಮೊದಲು ಎಷ್ಟನೇ ಹಂತದ್ದು, ತಯಾರಾದ ವರ್ಷ ಯಾವುದು ಎಂದು ನೋಡಬೇಕು.