ಇಳಿಜಾರು ಕಲಿಸಿದ ಬ್ರೇಕು

ಹಳೆಯ ಭಾರಿ ಟ್ರಕ್ಕುಗಳನ್ನು ಹುಡುಕಿ ತಂದು, ಬಿಚ್ಚಿ, ತಿಕ್ಕಿ, ಮತ್ತೆ ರಸ್ತೆಗಿಳಿಸುವ ಹುಚ್ಚು ಅಮೆರಿಕದಲ್ಲಿ ಬಹಳ ಜನರಿಗಿದೆ. ಅವರ ಸಂಘವಾದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ 1971ರಲ್ಲೇ ಹುಟ್ಟಿದೆ. ಅದರ ವಾರ್ಷಿಕ ಮೇಳದಲ್ಲಿ ಮ್ಯಾಕ್, ಕೆನ್‌ವರ್ತ್, ಪೀಟರ್‌ಬಿಲ್ಟ್, ವೈಟ್ ಟ್ರಕ್ಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಲದಂಚಿನಲ್ಲಿ ಗಿಡಗಂಟಿ ಮುಚ್ಚಿಕೊಂಡು ಬಿದ್ದಿದ್ದ ಗಾಡಿಗಳು ಬಣ್ಣ ಬಳಿಸಿಕೊಂಡು ಮದುವಣಗಿತ್ತಿಯರಾಗಿ ಬಂದಿರುತ್ತವೆ. ನೋಡಲು ಬಂದವರ ಕಣ್ಣು ಕ್ರೋಮಿನ ಹೊಳಪಿಗೆ ಅಂಟಿಕೊಳ್ಳುತ್ತದೆ. ಒಳಗಿನ ವಿಷಯ ಗೊತ್ತಿದ್ದವರು ಮಾತ್ರ ಬಾನೆಟ್ ಎತ್ತಿಸಿ ಎಂಜಿನ್ನಿನ ನೆತ್ತಿಯನ್ನು ನೋಡುತ್ತಾರೆ. ಅಲ್ಲಿನ ರಾಕರ್ ಕವರ್ ಮಾಮೂಲಿಗಿಂತ ಎತ್ತರವಾಗಿದ್ದರೆ ಅದರಡಿ ಜೇಕ್ ಬ್ರೇಕ್ ಕೂತಿದೆ ಎಂದು ಅವರಿಗೆ ತಿಳಿಯುತ್ತದೆ.

ಚಕ್ರವನ್ನು ಮುಟ್ಟದೆ, ಎಂಜಿನ್ನಿನಿಂದಲೇ ಲಾರಿಯ ವೇಗವನ್ನು ಹಿಡಿದು ತಗ್ಗಿಸುವ ಸಲಕರಣೆ ಅದು. ಅದನ್ನು ಕಂಡುಹಿಡಿದವನು ಡೀಸೆಲ್ ಲಾರಿ ಓಡುತ್ತದೆ ಎಂದು ಅಮೆರಿಕಕ್ಕೆ ತೋರಿಸಿಕೊಟ್ಟ ಮನುಷ್ಯನೇ. ಓಡಿಸುವ ಕೆಲಸಕ್ಕೆ ಪ್ರಾಯವನ್ನೆಲ್ಲ ಕೊಟ್ಟವನಿಗೆ ತಡೆಯುವ ಉಪಾಯ ಹೊಳೆದದ್ದು ಮುಪ್ಪಿನಲ್ಲಿ.

ಅವನ ಹೆಸರು ಕ್ಲೆಸಿ ಕಮಿನ್ಸ್. 1888ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ಇವನು ಶಾಲೆಯಲ್ಲಿ ಕಲಿತದ್ದು ಎಂಟನೆಯ ತರಗತಿವರೆಗೆ. ಕೊಲಂಬಸ್ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಇರ್ವಿನ್ ಎಂಬ ಬ್ಯಾಂಕ್ ಸಾಹುಕಾರನ ಕಾರಿಗೆ ಡ್ರೈವರ್ ಆದ, ಮೆಕ್ಯಾನಿಕ್ಕೂ ಆದ. ಹುಡುಗನ ಕೈಗುಣ ನೋಡಿ ಇರ್ವಿನ್ ಹಣ ಹಾಕಿದ. 1919ರಲ್ಲಿ ಕಮಿನ್ಸ್ ಎಂಜಿನ್ ಕಂಪನಿ ಶುರುವಾಯಿತು. ಅದು ಮೊದಲ ಲಾಭ ಕಂಡದ್ದು 1937ರಲ್ಲಿ. ಅಲ್ಲಿಯತನಕ ಸಾಹುಕಾರನ ತಾಳ್ಮೆಯೇ ಬಂಡವಾಳ.

ಆ ಕಾಲಕ್ಕೆ ಡೀಸೆಲ್ ಎಂಜಿನ್ ಎಂದರೆ ಹಡಗಿಗೆ, ಗಿರಣಿಗೆ ಸೇರಿದ ವಸ್ತು. ಭಾರ ಹೆಚ್ಚು, ಗದ್ದಲ ಹೆಚ್ಚು. ರಸ್ತೆಗೆ ತರುವಂಥದ್ದಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಕ್ಲೆಸಿ ವಾದ ಮಾಡುತ್ತ ಕೂರಲಿಲ್ಲ. 1929ರ ಕೊನೆಗೆ ಒಂದು ಹಳೆಯ ಪ್ಯಾಕರ್ಡ್ ಕಾರಿಗೆ ತನ್ನ ಡೀಸೆಲ್ ಎಂಜಿನ್ ಕೂರಿಸಿ, ಮರುವರ್ಷದ ಆರಂಭದಲ್ಲಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ ಓಡಿಸಿದ. ಸುಮಾರು 1,275 ಕಿಲೋಮೀಟರ್ ದಾರಿಗೆ ಇಂಧನದ ಖರ್ಚು 1 ಡಾಲರ್ 38 ಸೆಂಟ್. 1931ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸಿಗೇ ಡೀಸೆಲ್ ಕಾರು ಇಳಿಸಿದ. ಡೇವ್ ಇವಾನ್ಸ್ ಓಡಿಸಿದ ಆ ಕಾರು ಒಮ್ಮೆಯೂ ಇಂಧನಕ್ಕೆ ನಿಲ್ಲದೆ ಇಡೀ ರೇಸ್ ಮುಗಿಸಿ 13ನೆಯದಾಗಿ ಬಂತು. ಗೆಲ್ಲದಿದ್ದರೂ ಸುದ್ದಿಯಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಅವನು ಕೈ ಹಾಕಿದ್ದು ಲಾರಿಗೆ. ಇಂಡಿಯಾನಾ ಎಂಬ ಹೆಸರಿನ ಟ್ರಕ್ಕಿಗೆ ತನ್ನ ಎಂಜಿನ್ ಹಾಕಿ, ಇಬ್ಬರು ಸಂಗಡಿಗರೊಂದಿಗೆ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಹೊರಟ. ಐದು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಗೆ ಇಂಧನದ ಖರ್ಚು 11 ಡಾಲರ್ 22 ಸೆಂಟ್. ಪತ್ರಿಕೆಗಳಿಗೆ ಬೇಕಾದ ಲೆಕ್ಕ ಅದು. ಕ್ಲೆಸಿಗೆ ಮರೆಯಲಾಗದೆ ಉಳಿದದ್ದು ಪಯಣದ ಕೊನೆಯ ಇಳಿಜಾರು.

ಲಾಸ್ ಏಂಜಲೀಸ್ ತಲುಪಬೇಕಾದರೆ ಮರುಭೂಮಿಯ ಎತ್ತರದಿಂದ ಸ್ಯಾನ್ ಬರ್ನಾರ್ಡಿನೊ ಕಡೆಗೆ ಕಹೋನ್ ಕಣಿವೆಯಲ್ಲಿ ಇಳಿಯಬೇಕು. ಎರಡು ಬೆಟ್ಟಸಾಲುಗಳ ನಡುವೆ ಅಂದಿನ ರೂಟ್ 66 ಹೆದ್ದಾರಿಯೂ ರೈಲು ಹಳಿಯೂ ಅಕ್ಕಪಕ್ಕದಲ್ಲೇ ಇಳಿಯುವ ಘಾಟಿ ಅದು. ಅರ್ಧ ದಾರಿಯಲ್ಲಿ ಬ್ರೇಕು ಕಾದು ಹಿಡಿತ ಬಿಟ್ಟಿತು. ಕೆಳಗಿನ ಗೇರೂ ಗಾಡಿಯನ್ನು ತಡೆಯಲಿಲ್ಲ. ಇಳಿಜಾರಿನ ಬುಡದಲ್ಲಿ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲೊಂದು ಹೋಗುತ್ತಿತ್ತು. ಲಾರಿ ಹಳಿಗೆ ಬರುವುದಕ್ಕೂ ರೈಲಿನ ಕೊನೆಯ ಡಬ್ಬಿ ದಾಟುವುದಕ್ಕೂ ಸರಿಹೋಯಿತು. ಕೂದಲೆಳೆಯಲ್ಲಿ ಮೂವರೂ ಉಳಿದರು. ಇದಕ್ಕೊಂದು ಪರಿಹಾರ ಹುಡುಕಬೇಕೆಂದು ಕ್ಲೆಸಿ ಅಂದೇ ನಿಶ್ಚಯಿಸಿದ.

ಆ ಲಾರಿ ಯಾಕೆ ನಿಲ್ಲಲಿಲ್ಲ? ಬ್ರೇಕು ಕೈಕೊಟ್ಟದ್ದಕ್ಕೆ ಕಾರಣ ಸುಲಭ. ಬ್ರೇಕು ಮಾಡುವುದು ಗಾಡಿಯ ವೇಗವನ್ನು ಶಾಖವಾಗಿ ಬದಲಿಸುವ ಕೆಲಸ. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ಮು ಕಾಯುತ್ತಲೇ ಹೋಗುತ್ತದೆ, ಕಾದಂತೆ ಹಿಗ್ಗುತ್ತದೆ, ಲೈನರ್‌ನ ಘರ್ಷಣೆ ಕುಗ್ಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಇದು ಪೆಟ್ರೋಲ್ ಲಾರಿಗೂ ಡೀಸೆಲ್ ಲಾರಿಗೂ ಒಂದೇ.

ಎಂಜಿನ್ ಕೈಕೊಟ್ಟ ಕಾರಣ ಮಾತ್ರ ಡೀಸೆಲ್ಲಿನದೇ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಒಂದು ಬಾಗಿಲಿರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ, ಪಿಸ್ಟನ್ನುಗಳು ಉಸಿರಿಗೆ ತಿಣುಕಾಡುತ್ತವೆ, ಗಾಡಿ ನಿಧಾನವಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಅಂಥ ಬಾಗಿಲಿಲ್ಲ. ಅದು ಸದಾ ಎದೆತುಂಬ ಗಾಳಿ ಎಳೆಯುತ್ತದೆ. ಕಡಿಮೆ ಹೆಚ್ಚು ಮಾಡುವುದು ಇಂಧನವನ್ನು ಮಾತ್ರ. ಕಡಿಮೆ ಇಂಧನದಲ್ಲಿ ಓಡಲು ಅದಕ್ಕೆ ನೆರವಾಗುವ ಗುಣಗಳಲ್ಲಿ ಇದೂ ಒಂದು. ಇಳಿಜಾರಿನಲ್ಲಿ ಆ ಗುಣವೇ ದೋಷ.

ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಅದುಮುವಾಗ ಎಂಜಿನ್ ಸಾಕಷ್ಟು ಕಷ್ಟಪಡುತ್ತದಲ್ಲ, ಆ ಕಷ್ಟವೇ ಗಾಡಿಯನ್ನು ತಡೆಯಬೇಕಲ್ಲ ಎಂದು ಕೇಳಬಹುದು. ಸೈಕಲ್ ಪಂಪಿನ ಬಾಯನ್ನು ಬೆರಳಲ್ಲಿ ಮುಚ್ಚಿ ಹಿಡಿಯನ್ನು ಒತ್ತಿ ನೋಡಿ. ಒತ್ತಲು ಬಲ ಬೇಕು, ನಿಜ. ಕೈ ಸಡಿಲಿಸಿದರೆ ಹಿಡಿ ತಾನಾಗಿ ಹಿಂದಕ್ಕೆ ಚಿಮ್ಮುತ್ತದೆ. ಎಂಜಿನ್ನಿನಲ್ಲೂ ಅಷ್ಟೇ. ಮೇಲೇರುವಾಗ ಪಿಸ್ಟನ್ ಗಾಳಿಗೆ ಕೊಟ್ಟ ಶಕ್ತಿಯನ್ನು ಕೆಳಗಿಳಿಯುವಾಗ ಗಾಳಿ ಹೆಚ್ಚುಕಮ್ಮಿ ಪೂರ್ತಿಯಾಗಿ ಹಿಂದಿರುಗಿಸಿಬಿಡುತ್ತದೆ. ತಡೆ ಎಂಬುದು ಅಷ್ಟಾಗಿ ಉಳಿಯುವುದಿಲ್ಲ.

ಹಾಗಾದರೆ ಗಾಳಿ ಪೂರ್ತಿ ಅದುಮಿದ ಕ್ಷಣದಲ್ಲೇ ಅದನ್ನು ಹೊರಕ್ಕೆ ಬಿಟ್ಟುಬಿಟ್ಟರೆ? ಕೊಟ್ಟ ಶಕ್ತಿ ಹೊಗೆಕೊಳವೆಯಲ್ಲಿ ಹೊರಟುಹೋಗುತ್ತದೆ. ಪಿಸ್ಟನ್ನನ್ನು ಕೆಳಗೆ ತಳ್ಳಲು ಏನೂ ಉಳಿಯುವುದಿಲ್ಲ. ಶಕ್ತಿ ಹುಟ್ಟಿಸಬೇಕಾದ ಎಂಜಿನ್ ಶಕ್ತಿ ನುಂಗುವ ಯಂತ್ರವಾಗುತ್ತದೆ. ಎಂಜಿನ್ನನ್ನೇ ಬ್ರೇಕಾಗಿ ಬಳಸುವ ಪ್ರಯತ್ನ ಹೊಸದೇನೂ ಆಗಿರಲಿಲ್ಲ. ಸ್ವಿಟ್ಜರ್ಲೆಂಡಿನಂಥ ಬೆಟ್ಟದ ನಾಡಿನಲ್ಲಿ ಸೌರರ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಆ ದಿಕ್ಕಿನಲ್ಲಿ ಕೆಲಸ ಮಾಡಿತ್ತು. ಕಷ್ಟ ಇದ್ದದ್ದು ವೇಳೆಯಲ್ಲಿ. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ, ಪಿಸ್ಟನ್ ನೆತ್ತಿಗೆ ಬರುವ ಆ ಒಂದೇ ಕ್ಷಣಕ್ಕೆ ಎಕ್ಸಾಸ್ಟ್ ವಾಲ್ವನ್ನು ತೆರೆಯಬೇಕು. ಬೇಡವಾದಾಗ ಆ ಏರ್ಪಾಡು ಇಲ್ಲದಂತೆಯೂ ಇರಬೇಕು. ಅದಕ್ಕೆಂದೇ ವಾಲ್ವ್ ತೆರೆಸುವ ಹೊಸ ಕ್ಯಾಮ್‌ಶಾಫ್ಟ್ ಕೊಟ್ಟು, ಅದನ್ನು ಸರಿಸುವ ಏರ್ಪಾಡು ಮಾಡಿದರೆ ಎಂಜಿನ್ನನ್ನೇ ಬೇರೆಯಾಗಿ ಕಟ್ಟಿದಂತೆ. ಆಗಲೇ ರಸ್ತೆಯಲ್ಲಿದ್ದ ಸಾವಿರಾರು ಲಾರಿಗಳಿಗೆ ಅದರಿಂದ ಪ್ರಯೋಜನವಿಲ್ಲ.

ವರ್ಷಗಳು ಉರುಳಿದವು. 1950ರ ದಶಕದಲ್ಲಿ ಕ್ಲೆಸಿ ಕಂಪನಿಯ ಹೊಣೆ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ. ಕಹೋನ್ ಘಾಟಿ ಇರುವ ರಾಜ್ಯವೇ ಅದು. ಬಿಡುವು ಸಿಕ್ಕಿದ್ದೇ ಹಳೆಯ ಪ್ರಶ್ನೆ ಮತ್ತೆ ತಲೆ ಹೊಕ್ಕಿತು. ಉತ್ತರ ಇದ್ದದ್ದು ಅವನು ಜೀವಮಾನವೆಲ್ಲ ಬಿಚ್ಚಿ ಕಟ್ಟಿದ ಎಂಜಿನ್ನಿನ ಒಳಗೇ.

ಕಮಿನ್ಸ್ ಎಂಜಿನ್ನಿನ ಕ್ಯಾಮ್‌ಶಾಫ್ಟಿನಲ್ಲಿ ಪ್ರತಿ ಸಿಲಿಂಡರಿಗೂ ಮೂರು ಕ್ಯಾಮುಗಳಿರುತ್ತವೆ. ಒಂದು ಗಾಳಿ ಒಳಬಿಡುವ ವಾಲ್ವಿಗೆ, ಇನ್ನೊಂದು ಹೊಗೆ ಹೊರಬಿಡುವ ವಾಲ್ವಿಗೆ, ಮೂರನೆಯದು ಇಂಧನ ಚಿಮ್ಮಿಸುವ ಇಂಜೆಕ್ಟರಿಗೆ. ಜನರಲ್ ಮೋಟರ್ಸ್‌ನ ಡೀಸೆಲ್ಲುಗಳಲ್ಲೂ ಇಂಜೆಕ್ಟರನ್ನು ಒತ್ತುವುದು ಕ್ಯಾಮೇ. ಇಂಧನ ಚಿಮ್ಮಬೇಕಾದದ್ದು ಯಾವಾಗ? ಗಾಳಿ ಪೂರ್ತಿ ಅದುಮಿ, ಪಿಸ್ಟನ್ ನೆತ್ತಿಗೆ ಬಂದಾಗ. ಬ್ರೇಕಿಗೆ ವಾಲ್ವ್ ತೆರೆಯಬೇಕಾದದ್ದು ಯಾವಾಗ? ಅದೇ ಕ್ಷಣದಲ್ಲಿ. ವೇಳೆ ತಪ್ಪದೆ ಎದ್ದುಬೀಳುವ ಒಂದು ಚಲನೆ ಎಂಜಿನ್ನಿನೊಳಗೆ ಮೊದಲಿನಿಂದಲೂ ಇತ್ತು. ಇಳಿಜಾರಿನಲ್ಲಿ ಇಂಧನ ಹೇಗೂ ಬೇಡ. ಆದ್ದರಿಂದ ಇಂಜೆಕ್ಟರಿನ ಆ ಚಲನೆಯನ್ನು ಎಕ್ಸಾಸ್ಟ್ ವಾಲ್ವಿಗೆ ಸಾಲ ಕೊಡಿಸಿದರೆ ಸಾಕು.

ಸಾಲ ಕೊಡಿಸುವ ದಲ್ಲಾಳಿ ಎಂಜಿನ್ ಆಯಿಲ್. ಕ್ಯಾಮಿನ ಚಲನೆಯನ್ನು ವಾಲ್ವಿಗೂ ಇಂಜೆಕ್ಟರಿಗೂ ಮುಟ್ಟಿಸುವ ಸನ್ನೆಗಳಾದ ರಾಕರ್‌ಗಳ ಮೇಲೆ ಬೋಲ್ಟ್ ಹಾಕಿ ಕೂರಿಸುವ ದಪ್ಪ ಲೋಹದ ಹಲಗೆಯಂಥ ಹೌಸಿಂಗ್. ಅದರೊಳಗೆ ಸಣ್ಣ ಕೊಳವೆದಾರಿಗಳು. ಒಂದು ತುದಿಯಲ್ಲಿ ಇಂಜೆಕ್ಟರ್ ರಾಕರ್ ತಳ್ಳುವ ಪಿಸ್ಟನ್, ಇನ್ನೊಂದು ತುದಿಯಲ್ಲಿ ಎಕ್ಸಾಸ್ಟ್ ವಾಲ್ವನ್ನು ಒತ್ತುವ ಪಿಸ್ಟನ್. ಡ್ರೈವರ್ ಡ್ಯಾಶ್‌ಬೋರ್ಡಿನ ಸ್ವಿಚ್ ಹಾಕಿ, ಆಕ್ಸಿಲರೇಟರ್ ಮತ್ತು ಕ್ಲಚ್ ಎರಡರಿಂದಲೂ ಕಾಲು ತೆಗೆದರೆ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಕ್ಕೆ ಕರೆಂಟು ಹರಿಯುತ್ತದೆ. ಆಯಿಲ್ ಆ ದಾರಿಗಳಿಗೆ ನುಗ್ಗಿ, ಹಿಂದಕ್ಕೆ ಹೋಗಲಾಗದೆ ಸಿಕ್ಕಿಕೊಳ್ಳುತ್ತದೆ. ಎಣ್ಣೆಯನ್ನು ಅದುಮಿ ಕುಗ್ಗಿಸಲಾಗದು. ಈ ಕಡೆ ತಳ್ಳಿದ್ದು ಆ ಕಡೆ ಹಾಗೇ ಮುಟ್ಟುತ್ತದೆ. ವಾಲ್ವ್ ತೆರೆಯುತ್ತದೆ, ಅದುಮಿದ ಗಾಳಿ ಸಿಡಿದು ಹೊರಬೀಳುತ್ತದೆ. ಕಾಲನ್ನು ಮತ್ತೆ ಆಕ್ಸಿಲರೇಟರ್ ಮೇಲಿಟ್ಟರೆ ಕರೆಂಟು ಕಡಿದು, ಆಯಿಲ್ ಬಸಿದು, ಎಂಜಿನ್ ಮೊದಲಿನಂತಾಗುತ್ತದೆ.

ಎಂಜಿನ್ ತಯಾರಕರಿಂದ ಬೇಗ ಒಪ್ಪಿಗೆ ಸಿಗಲಿಲ್ಲ. ಕೈಹಿಡಿದದ್ದು ಲಾರಿಗೆ ಸಂಬಂಧವೇ ಇಲ್ಲದ ಕನೆಕ್ಟಿಕಟ್‌ನ ಜೇಕಬ್ಸ್ ಕಂಪನಿ. ಡ್ರಿಲ್ ಯಂತ್ರದ ಚಕ್ ತಯಾರಿಸಿ ಹೆಸರಾದ ಸಂಸ್ಥೆ ಅದು; ಅದರ ಮೂಲಪುರುಷ ಆರ್ಥರ್ ಜೇಕಬ್ಸ್ 1902ರಲ್ಲಿ ಹೊಸ ಚಕ್ ಕಂಡುಹಿಡಿದದ್ದೂ ಹಳೆಯ ಚಕ್ ಬಿಗಿಯುವಾಗ ಬೆರಳಿನ ಗೆಣ್ಣು ತರಚಿಕೊಂಡ ಮೇಲೆ. 1961ರಲ್ಲಿ ಜೇಕಬ್ಸ್ ಎಂಜಿನ್ ಬ್ರೇಕ್ ಮಾರುಕಟ್ಟೆಗೆ ಬಂತು. ಲಾರಿಯವರು ಅದನ್ನು ಜೇಕ್ ಎಂದರು. ಕ್ಲೆಸಿಗೆ ಅಮೆರಿಕದ ಪೇಟೆಂಟ್ 1965ರಲ್ಲಿ ಸಿಕ್ಕಿತು. 1968ರಲ್ಲಿ ಅವನು ತೀರಿಕೊಂಡ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1985ರಲ್ಲಿ ಈ ಬ್ರೇಕನ್ನು ಎಂಜಿನಿಯರಿಂಗ್ ಇತಿಹಾಸದ ಹೆಗ್ಗುರುತು ಎಂದು ಘೋಷಿಸಿತು.

ಆಗಲೇ ಬಳಕೆಯಲ್ಲಿರುವ ಎಂಜಿನ್ನಿನ ಮೇಲೂ ತಂದು ಕೂರಿಸಬಹುದಾದ್ದರಿಂದಲೇ ಜೇಕ್ ಹಬ್ಬಿತು. ಇಂದು ಹಳೆಯ ಟ್ರಕ್ ಕಟ್ಟುವವರ ನಡುವೆ ಇದೇ ಒಂದು ಚರ್ಚೆ. 1955ರ ಟ್ರಕ್ಕಿನಲ್ಲಿ ಜೇಕ್ ಇದ್ದರೆ ಅದು ಕಾರ್ಖಾನೆಯಿಂದ ಬಂದದ್ದಂತೂ ಅಲ್ಲ. ಮೂಲದಂತೆಯೇ ಇರಬೇಕೆಂಬ ಹಟದವರಿಗೆ ಅದನ್ನು ಕಿತ್ತೆಸೆಯುವ ಆಸೆ. ಆದರೆ ಆ ಕಾಲದ ಮಾಲೀಕ ಬೆಟ್ಟದ ದಾರಿಯಲ್ಲಿ ದುಡಿಯಲು ಅದನ್ನು ಹಾಕಿಸಿಕೊಂಡಿದ್ದರೆ ಅದೂ ಗಾಡಿಯ ಚರಿತ್ರೆಯೇ ಅಲ್ಲವೇ? ನನ್ನ ಮತ ಇಟ್ಟುಕೊಳ್ಳುವವರ ಕಡೆಗೆ. ಆ ಕಾಲದ ಎಷ್ಟೋ ಟ್ರಕ್ಕುಗಳ ಮುಂದಿನ ಚಕ್ರಗಳಿಗೆ ಬ್ರೇಕೇ ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ ಈ ಪಕ್ಷಕ್ಕೆ ಬಲ ಹೆಚ್ಚು.

ಇಟ್ಟುಕೊಂಡ ಮೇಲೆ ಸಾಕುವುದು ಕಷ್ಟದ ಕೆಲಸ. ಕವರ್ ಬಿಚ್ಚಿದರೆ ಮೊದಲು ಕಾಣುವುದು ಆಯಿಲಿನ ಮಡ್ಡಿ. ಹತ್ತಾರು ವರ್ಷ ನಿಂತ ಎಂಜಿನ್ನಿನಲ್ಲಿ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರುಕುಬಿಟ್ಟಿರುತ್ತವೆ, ಸೊಲೆನಾಯ್ಡ್ ವೈರು ಪುಡಿಯಾಗಿರುತ್ತದೆ. ಅದನ್ನೆಲ್ಲ ಬದಲಿಸಿ, ಟ್ಯಾಪೆಟ್ ಸೆಟ್ಟಿಂಗ್ ಮುಗಿಸಿ, ಎಂಜಿನ್ ತಣ್ಣಗಿರುವಾಗ ಒತ್ತುವ ಪಿಸ್ಟನ್ನಿಗೂ ವಾಲ್ವಿಗೂ ನಡುವಣ ಸಂದನ್ನು ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಇಂಚಿನ ಸಾವಿರದ ಲೆಕ್ಕದ ಸಂದು. ಹೆಚ್ಚಾದರೆ ಬ್ರೇಕು ಹಿಡಿಯುವುದಿಲ್ಲ. ತೀರ ಕಡಿಮೆಯಾದರೆ ನೆತ್ತಿಗೆ ಬಂದ ಪಿಸ್ಟನ್ನಿಗೆ ವಾಲ್ವ್ ಬಡಿದು ಎಂಜಿನ್ನೇ ಹಾಳು. ಚಕ್ರದ ಬ್ರೇಕನ್ನು ಬಿಚ್ಚುವವರಿಗೆ ಇನ್ನೊಂದು ಎಚ್ಚರಿಕೆ: ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಡ್ರಮ್ಮಿನ ದೂಳನ್ನು ಗಾಳಿ ಹೊಡೆದು ಹಾರಿಸಬಾರದು.

ಸೈಲೆನ್ಸರ್ ಇಲ್ಲದ ಗಾಡಿಯಲ್ಲಿ ಜೇಕ್ ಹಾಕಿದರೆ ಮಷೀನ್‌ಗನ್ ಸಿಡಿದಂಥ ಸದ್ದು ಬರುತ್ತದೆ. ಅಮೆರಿಕದ ಎಷ್ಟೋ ಊರುಗಳ ಬಾಗಿಲಲ್ಲಿ ‘ಎಂಜಿನ್ ಬ್ರೇಕ್ ನಿಷೇಧ’ ಎಂಬ ಫಲಕ ನಿಂತಿರುವುದು ಇದಕ್ಕೇ. ಸರಿಯಾದ ಸೈಲೆನ್ಸರ್ ಇದ್ದರೆ ಈ ರಂಪ ಇರುವುದಿಲ್ಲ.

ನಮ್ಮ ದೇಶದ ಮಾತಿಗೆ ಬಂದರೆ, ಕಮಿನ್ಸ್ ಎಂಜಿನ್ 1962ರಲ್ಲಿ ಕಿರ್ಲೋಸ್ಕರ್ ಜತೆಗೂಡಿ ಪುಣೆಗೆ ಬಂತು. ಆದರೆ ನಮ್ಮ ಲಾರಿಗಳಲ್ಲಿ ಹೆಚ್ಚಾಗಿ ಕಾಣುವುದು ಜೇಕ್ ಅಲ್ಲ, ಹೊಗೆಕೊಳವೆಯನ್ನೇ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕ್. ಸಲಕರಣೆ ಯಾವುದಾದರೂ ಒಂದು ಷರತ್ತು ಸಮಾನ: ಗಾಡಿ ಗೇರಿನಲ್ಲಿರಬೇಕು. ಶಿರಾಡಿ, ಚಾರ್ಮಾಡಿ ಇಳಿಯುವಾಗ ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರಿಗೆ ಎಂಜಿನ್ ಯಾವ ನೆರವನ್ನೂ ಕೊಡಲಾರದು. ಉಳಿತಾಯದ ಲೆಕ್ಕವೂ ಸುಳ್ಳೇ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂದಿನ ಎಂಜಿನ್ನಿಗೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಅದು ಆರದಂತೆ ಡೀಸೆಲ್ ಕುಡಿಯುತ್ತಲೇ ಇರಬೇಕು. ಘಾಟಿಯ ನೆತ್ತಿಯಲ್ಲೇ ಕೆಳಗಿನ ಗೇರಿಗೆ ಬನ್ನಿ, ಅದೇ ಗೇರಿನಲ್ಲಿ ಇಳಿಯಿರಿ.