ಕೊನೆಯ ಸಾಲಿನಲ್ಲಿ ನಿಂತವರು

2025ರ ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಾಕ್ ಕ್ರೀಡಾಂಗಣದಲ್ಲಿ ಭಾರತದ ಫುಟ್‌ಬಾಲ್ ತಂಡ ಕಡೇ ಗಳಿಗೆಯ ಪೆನಾಲ್ಟಿಯೊಂದರಿಂದ 0–1ರಲ್ಲಿ ಸೋತಿತು. ಸೋಲು ನಮಗೆ ಹೊಸದೇನಲ್ಲ. ಆದರೆ ಗೆದ್ದ ತಂಡದ ಕೋಚ್ ಆಶ್ಲೆ ವೆಸ್ಟ್‌ವುಡ್ ಎಂಬುದು ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳನ್ನು ತುಸು ಹೆಚ್ಚೇ ಚುಚ್ಚಿರಬೇಕು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಸುನಿಲ್ ಚೆಟ್ರಿ ತಮ್ಮ 150ನೆಯ ಅಂತರರಾಷ್ಟ್ರೀಯ ಪಂದ್ಯ ಆಡಿದ ದಿನ ಅಫ್ಗಾನಿಸ್ತಾನ ನಮ್ಮನ್ನು 2–1ರಲ್ಲಿ ಮಣಿಸಿದಾಗಲೂ ಎದುರಾಳಿಯ ಕೋಚ್ ಇವರೇ. ಇದೇ ಚೆಟ್ರಿಯವರ ನಾಯಕತ್ವದಲ್ಲಿ ಬೆಂಗಳೂರು ಎಫ್‌ಸಿಯನ್ನು ಮೊದಲ ವರ್ಷವೇ ದೇಶದ ಚಾಂಪಿಯನ್ ಮಾಡಿದವರೂ ಇವರೇ.

ವೆಸ್ಟ್‌ವುಡ್ ಆಟಗಾರರಾಗಿ ದೊಡ್ಡ ಹೆಸರು ಮಾಡಿದವರಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಪಳಗಿದರೂ ಹಿರಿಯರ ತಂಡದಲ್ಲಿ ಆಡುವ ಅವಕಾಶ ಅವರಿಗೆ ಒದಗಲಿಲ್ಲ. ಕ್ರೂ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್ ಎಂದು ಇಂಗ್ಲೆಂಡಿನ ಕೆಳಹಂತದ ಕ್ಲಬ್‌ಗಳಲ್ಲಿ ರಕ್ಷಣಾ ಆಟಗಾರರಾಗಿ ವರ್ಷಗಟ್ಟಲೆ ಬೆವರು ಹರಿಸಿದವರು. ಗೋಲು ಹೊಡೆಯುವುದು ಮುಂದಿನವರ ಕೆಲಸ. ಇವರದು ಗೋಲಾಗದಂತೆ ನೋಡಿಕೊಳ್ಳುವುದು.

ನಾನು ಹಾವೇರಿ ಜಿಲ್ಲೆಯ ಅಬಲೂರಿನವನು. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಊರು. ಫುಟ್‌ಬಾಲ್ ಅಲ್ಲಿ ದೂರದ ಮಾತು, ಕಬಡ್ಡಿ ಮಾತ್ರ ನಮ್ಮದೇ ಆಟ. ಜಾತ್ರೆಯ ಪಂದ್ಯಗಳಲ್ಲಿ ದಾಳಿಗೆ ಹೋಗಿ ಇಬ್ಬರನ್ನು ಮುಟ್ಟಿ ಬಂದವನ ಹೆಸರು ಮರುದಿನ ಹೋಟೆಲಿನ ಕಟ್ಟೆಯ ಮೇಲೆಲ್ಲ ಓಡಾಡುತ್ತಿತ್ತು. ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿದು ಕೆಡವಿದವನ ಹೆಸರು ಕೇಳಿದರೆ ‘ಅಂವಾ, ಆ ದಪ್ಪನ್ನ ಹುಡುಗ’ ಎನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಆದರೆ ‘ಎಡಕ್ಕೆ ಸರಿ’, ‘ಈಗ ಬ್ಯಾಡ, ತಡಿ’ ಎಂದು ಉಳಿದ ಆರು ಜನರನ್ನು ಕೂಗಿ ಕೂಗಿ ನಿಲ್ಲಿಸುತ್ತಿದ್ದವನು ಆ ದಪ್ಪನ್ನ ಹುಡುಗನೇ. ಇಡೀ ಅಂಗಳ ಕಾಣುವುದು ಹಿಂದೆ ನಿಂತವನಿಗೆ. ರಕ್ಷಣಾ ಆಟಗಾರರ ಪೈಕಿ ಅನೇಕರು ಕೋಚ್ ಆಗುವುದರ ಗುಟ್ಟು ಇದೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಆಡುವಾಗಲೇ ಅವರು ಅರ್ಧ ಕೋಚ್ ಆಗಿರುತ್ತಾರೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ವೆಸ್ಟ್‌ವುಡ್ ಕೈಗೆ ಬಂದದ್ದು ಹೆಸರೂ ಇಲ್ಲದ, ಇತಿಹಾಸವೂ ಇಲ್ಲದ ತಂಡ. ಅವರು ಮೊದಲು ಹಿಡಿದದ್ದು ಆಟಗಾರರ ಮೈಕಟ್ಟು, ಊಟ, ವಿಶ್ರಾಂತಿಗಳನ್ನು. ಆಮೇಲೆ ಹಿಂದಿನ ಸಾಲನ್ನು. ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಅಲ್ಲಿ ಗೋಡೆಯಾದರು. 2014ರ ಏಪ್ರಿಲ್‌ನಲ್ಲಿ ಗೋವಾದ ನೆಲದಲ್ಲೇ ಡೆಂಪೊ ತಂಡವನ್ನು 4–2ರಲ್ಲಿ ಸೋಲಿಸಿ ಐ-ಲೀಗ್ ಗೆದ್ದರು. ಮುಂದೆ 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೊಮ್ಮೆ ಐ-ಲೀಗ್.

ಆದರೆ ನೆನಪಿನಲ್ಲಿ ಉಳಿಯುವುದು ಅವರು ಗೆಲ್ಲದ ದಿನ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಮಳೆ. ಮೋಹನ್ ಬಾಗನ್ ವಿರುದ್ಧ ಗೆದ್ದರೆ ಸತತ ಎರಡನೆಯ ಪ್ರಶಸ್ತಿ. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೆಯ ನಿಮಿಷದಲ್ಲಿ ಬಾಗನ್‌ನ ಬೆಲ್ಲೊ ರಜಾಕ್ ಸಮ ಮಾಡಿದರು. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಗೋಲು ಹೊಡೆದ ಇಬ್ಬರೂ ರಕ್ಷಣಾ ಆಟಗಾರರೇ! ಗೋಲು ತಡೆಯುವ ವಿದ್ಯೆಯನ್ನೇ ನೆಚ್ಚಿ ತಂಡ ಕಟ್ಟಿದ ಕೋಚ್‌ಗೆ ಇನ್ನು ಮೂರು ನಿಮಿಷ ತಡೆಯಲಾಗಲಿಲ್ಲ.

ಹಾಂಗ್‌ಕಾಂಗ್ ತಂಡದೊಂದಿಗೆ ವೆಸ್ಟ್‌ವುಡ್ 2025ರ ಜುಲೈ 11ರಂದು ದಕ್ಷಿಣ ಕೊರಿಯಾದ ಯೊಂಗಿನ್ ನಗರದಲ್ಲಿ ಆಡಿದರು. ಅಂದು 2–0ರಲ್ಲಿ ಗೆದ್ದ ಕೊರಿಯಾ ತಂಡದ ಕೋಚ್ ಹೊಂಗ್ ಮ್ಯೊಂಗ್-ಬೊ, ಅವರೂ ರಕ್ಷಣಾ ಆಟಗಾರ. ಆದರೆ ಹೊಂಗ್ ಮಟ್ಟಿಗೆ ‘ಅಂವಾ, ದಪ್ಪನ್ನ ಹುಡುಗ’ ಎಂಬ ಮಾತು ನಡೆಯದು. ನಾಲ್ಕು ವಿಶ್ವಕಪ್ ಆಡಿದವರು. 2002ರ ಜೂನ್ 22, ಶನಿವಾರ, ನಮ್ಮೂರಲ್ಲಿ ಅರ್ಧ ದಿನದ ಶಾಲೆ ಬಿಟ್ಟು ಮಕ್ಕಳು ಮನೆ ಸೇರಿದ್ದ ಹೊತ್ತಿನಲ್ಲಿ, ಸ್ಪೇನ್ ವಿರುದ್ಧದ ಪೆನಾಲ್ಟಿಗಳ ಸರದಿಯಲ್ಲಿ ಕೊನೆಯ ಒದೆತ ಒದ್ದು ಕೊರಿಯಾವನ್ನು ಸೆಮಿಫೈನಲ್‌ಗೆ ಒಯ್ದ ನಾಯಕ ಅವರೇ. ಆ ವಿಶ್ವಕಪ್‌ನ ಮೂರನೆಯ ಅತ್ಯುತ್ತಮ ಆಟಗಾರ ಎಂಬ ಮನ್ನಣೆಯೂ ಸಂದಿತು.

ಅಂಥವರನ್ನೂ ಕೊರಿಯಾ ನೇರವಾಗಿ ಗದ್ದುಗೆಗೆ ಏರಿಸಲಿಲ್ಲ. 2006ರ ವಿಶ್ವಕಪ್‌ನಲ್ಲಿ ವಿದೇಶಿ ಕೋಚ್ ಕೈಕೆಳಗೆ ಸಹಾಯಕ, 2009ರಲ್ಲಿ 20 ವರ್ಷದೊಳಗಿನವರ ತಂಡ, ಆಮೇಲೆ ಒಲಿಂಪಿಕ್ಸ್ ತಂಡ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಪಾನ್ ತಂಡವನ್ನು 2–0ರಲ್ಲಿ ಸೋಲಿಸಿ ಕಂಚು ಗೆದ್ದಾಗ ಹುಡುಗರಿಗೆ ಪದಕದ ಜೊತೆ ಕಡ್ಡಾಯ ಸೇನಾಸೇವೆಯಿಂದಲೂ ವಿನಾಯಿತಿ ಸಿಕ್ಕಿತು. ಅಲ್ಲಿನ ತಾಯಂದಿರಿಗೆ ಎರಡನೆಯದೇ ದೊಡ್ಡ ಪದಕವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಎರಡೇ ವರ್ಷಕ್ಕೆ, 2014ರ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಗೆಲ್ಲದೆ ಮರಳಿದ ತಂಡದ ಮೇಲೆ ವಿಮಾನ ನಿಲ್ದಾಣದಲ್ಲಿ ಜನ ಮಿಠಾಯಿ ಎಸೆದರು. ಅದು ಆ ನಾಡಿನ ಬೈಗುಳ. ಹೊಂಗ್ ರಾಜೀನಾಮೆ ಕೊಟ್ಟರು. ಬಳಿಕ ಉಲ್ಸಾನ್ ಕ್ಲಬ್‌ಗೆ 17 ವರ್ಷಗಳ ನಂತರ, 2022ರಲ್ಲಿ, ಲೀಗ್ ಪ್ರಶಸ್ತಿ ತಂದರು, ಮರುವರ್ಷ ಮತ್ತೊಂದು. 2024ರಲ್ಲಿ ಮತ್ತೆ ರಾಷ್ಟ್ರೀಯ ತಂಡದ ಹೊಣೆ ಹೊತ್ತಾಗ ನೇಮಕದ ರೀತಿಯ ಬಗ್ಗೆ ಸಂಸತ್ತಿನಲ್ಲೇ ಅವರನ್ನು ಪ್ರಶ್ನಿಸಲಾಯಿತು, ಮೈದಾನದಲ್ಲಿ ಧಿಕ್ಕಾರವೂ ಕೇಳಿತು. ಆದರೂ 2025ರ ಜೂನ್‌ನಲ್ಲಿ ಕೊರಿಯಾ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಕೊರಿಯಾ ತನ್ನವರ ಬಗ್ಗೆ ಕಟುವಾಗಿರಬಹುದು. ಆದರೆ ಏಣಿಯೊಂದನ್ನು ನಿಲ್ಲಿಸಿದೆ. ಬಿದ್ದವನು ಮತ್ತೆ ಹತ್ತುವಷ್ಟು ಗಟ್ಟಿಯಾದ ಏಣಿ. ನಮ್ಮಲ್ಲಿ? 2013ರಿಂದ 2025ರವರೆಗೆ ಬೆಂಗಳೂರು ಎಫ್‌ಸಿಗೆ ಕಾಯಂ ಮುಖ್ಯ ಕೋಚ್ ಆಗಿ ಬಂದವರೆಲ್ಲ ವಿದೇಶಿಯರು: ಇಂಗ್ಲೆಂಡಿನವರು, ಸ್ಪೇನಿನವರು, ಜರ್ಮನಿಯವರು. ನೌಷಾದ್ ಮೂಸಾ ಅವರಂಥ ಭಾರತೀಯರಿಗೆ ದಕ್ಕಿದ್ದು ಮಧ್ಯಂತರ ಹೊಣೆ. ವೆಸ್ಟ್‌ವುಡ್ ಕಲಿಸಿದ್ದನ್ನು ನಾನು ಕಡೆಗಣಿಸುತ್ತಿಲ್ಲ, ಹೊರಗಿನವರನ್ನು ಕರೆಯಬಾರದೆಂದೂ ಹೇಳುತ್ತಿಲ್ಲ. ಅವರ ಪಕ್ಕದಲ್ಲಿ ನಿಂತು ಕಲಿತು, ಅವರು ಹೋದ ಮೇಲೆ ಆ ಜಾಗದಲ್ಲಿ ನಿಲ್ಲಬೇಕಾದ ಕನ್ನಡಿಗ ಯಾರು ಎಂದಷ್ಟೇ ಕೇಳುತ್ತಿದ್ದೇನೆ.

ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ ಬಂದ ಕಾರ್ಲ್‌ಟನ್ ಚಾಪ್ಮನ್ ರಕ್ಷಣಾ ಆಟಗಾರರಲ್ಲ, ಮಧ್ಯಮ ಸಾಲಿನವರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದರು. 1997ರಲ್ಲಿ ದಕ್ಷಿಣ ಏಷ್ಯಾ ಪ್ರಶಸ್ತಿ ಗೆದ್ದ ಭಾರತ ತಂಡದ ನಾಯಕ. ಆಟ ಬಿಟ್ಟ ಮೇಲೆ ಕೋಚ್ ಆಗಿ ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ ಎಂದು ಪರವೂರುಗಳಲ್ಲಿ ದುಡಿದರು. ಬೆಂಗಳೂರು ಎಫ್‌ಸಿಯ ಮುಖ್ಯ ಕೋಚ್‌ಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. 2020ರ ಅಕ್ಟೋಬರ್ 12ರಂದು ಅದೇ ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡಾಗ ವಯಸ್ಸು 49.